ಹಿಮ್ಮಡಿಯ ನರ ಕತ್ತರಿಸಿದರೆ ಮಗು ನಡೆಯುವುದೇ ಇಲ್ಲವೇ? ಕತ್ತರಿಸಿಕೊಂಡು ನಡೆದು ತೋರಿಸಿದ ಡಾಕ್ಟರ್ ಲಿಟಲ್ ಅವರ ಕಥೆ

ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿಕೊಂಡಿರುವ ಮಗುವಿಗೆ ಆಸ್ಪತ್ರೆಯಲ್ಲಿ ವಾರಕ್ಕೊಂದು ಪ್ಲಾಸ್ಟರ್ ಹಾಕುತ್ತಾರೆ. ಐದಾರು ವಾರ ಎಲ್ಲವೂ ಸರಿಯಾಗಿ ನಡೆಯುತ್ತದೆ. ಆಮೇಲೆ ಒಂದು ದಿನ ಡಾಕ್ಟರ್, ಹಿಮ್ಮಡಿಯ ಹಿಂದೆ ಒಂದು ಸಣ್ಣ ಗಾಯ ಮಾಡಿ ಬಿಗಿಯಾಗಿರುವುದನ್ನು ಬಿಡಿಸಬೇಕು ಎನ್ನುತ್ತಾರೆ. ಆ ರಾತ್ರಿಯೇ ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚರ್ಚೆ ಶುರು. ಹಿಮ್ಮಡಿಯ ನರ ಕತ್ತರಿಸಿಬಿಡುತ್ತಾರಂತೆ, ಒಮ್ಮೆ ಕತ್ತರಿಸಿದರೆ ಮಗು ಜೀವಮಾನದಲ್ಲಿ ನಡೆಯುವುದಿಲ್ಲವಂತೆ, ಅದರ ಬದಲು ಎಣ್ಣೆ ಹಚ್ಚಿ ನೀವಿದರೆ ತಾನಾಗಿಯೇ ನೆಟ್ಟಗಾಗುತ್ತದಂತೆ. ಮರುವಾರ ಆಸ್ಪತ್ರೆಗೆ ಹೋಗುವುದು ನಿಂತುಹೋಗುತ್ತದೆ.

ಈ ಹೆದರಿಕೆ ಹೊಸದಲ್ಲ. ಸುಮಾರು 190 ವರ್ಷಗಳ ಹಿಂದೆ ಲಂಡನ್ನಿನ ದೊಡ್ಡ ದೊಡ್ಡ ಸರ್ಜನ್‌ಗಳಿಗೂ ಇದೇ ಹೆದರಿಕೆ ಇತ್ತು. ಅದನ್ನು ಹೋಗಲಾಡಿಸಿದವರು ವಿಲಿಯಂ ಜಾನ್ ಲಿಟಲ್ ಎಂಬ ಡಾಕ್ಟರ್. ಅವರು ವಾದ ಮಾಡಿ ಗೆಲ್ಲಲಿಲ್ಲ. ತಮ್ಮದೇ ಕಾಲನ್ನು ಮುಂದೊಡ್ಡಿ, ಕತ್ತರಿಸಿಕೊಂಡು, ನಡೆದು ತೋರಿಸಿದರು. ಮಕ್ಕಳ ಸೆರೆಬ್ರಲ್ ಪಾಲ್ಸಿಯನ್ನು ಬಹಳ ಕಾಲ ಲಿಟಲ್ ಕಾಯಿಲೆ ಎಂದೇ ಕರೆಯುತ್ತಿದ್ದರಲ್ಲ, ಆ ಲಿಟಲ್ ಇವರೇ. ಇವರ ಕಥೆ ಗೊತ್ತಾದರೆ ಮೇಲಿನ ಫಾರ್ವರ್ಡ್‌ನಲ್ಲಿ ತಪ್ಪು ಎಲ್ಲಿದೆ ಎಂಬುದೂ ತಿಳಿಯುತ್ತದೆ.

ಮೊದಲು ತಿಳಿಯಬೇಕಾದ್ದು: ಅದು ನರವೇ ಅಲ್ಲ

ನಾವು ಮಾತಿನಲ್ಲಿ ದೇಹದೊಳಗಿನ ಹುರಿಯಂಥ ಎಲ್ಲವನ್ನೂ ನರ ಎಂದುಬಿಡುತ್ತೇವೆ. ಆದರೆ ನರ ಬೇರೆ, ಹಿಮ್ಮಡಿಯ ಹಿಂದೆ ಕೈಗೆ ಸಿಗುವ ಆ ಗಟ್ಟಿ ಹುರಿ ಬೇರೆ. ನರ ಎಂದರೆ ಮಿದುಳಿನ ಸಂದೇಶ ಒಯ್ಯುವ ತಂತಿ. ಅದು ತುಂಡಾದರೆ ಸ್ಪರ್ಶ, ಚಲನೆ ಎರಡಕ್ಕೂ ಪೆಟ್ಟು ಬೀಳುತ್ತದೆ. ಹಿಮ್ಮಡಿಯ ಹಿಂದಿರುವುದು ಮೀನಖಂಡದ ಸ್ನಾಯುವನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ ಹಗ್ಗ. ಕನ್ನಡದಲ್ಲಿ ಸ್ನಾಯುರಜ್ಜು, ಡಾಕ್ಟರ್‌ಗಳ ಮಾತಿನಲ್ಲಿ ಟೆಂಡನ್. ಹಿಮ್ಮಡಿಯ ಈ ಟೆಂಡನ್‌ಗೆ ಅಕಿಲಿಸ್ ಟೆಂಡನ್ ಎಂದು ಹೆಸರು.

ಸೊಟ್ಟ ಪಾದ, ಅಂದರೆ ಕ್ಲಬ್‌ಫೂಟ್ ಇರುವ ಮಗುವಿನಲ್ಲಿ ಈ ಹಗ್ಗ ಗಿಡ್ಡವಾಗಿ, ಬಿಗಿಯಾಗಿ ಇರುತ್ತದೆ. ಹಿಮ್ಮಡಿ ಮೇಲಕ್ಕೆ ಎಳೆದುಕೊಂಡಿರುತ್ತದೆ, ಬೆರಳುಗಳು ಕೆಳಮುಖವಾಗಿ ಒಳಕ್ಕೆ ತಿರುಗಿರುತ್ತವೆ, ಅಂಗಾಲು ಪಕ್ಕಕ್ಕೋ ಮೇಲಕ್ಕೋ ನೋಡುತ್ತಿರುತ್ತದೆ. ಸಾವಿರ ಮಕ್ಕಳು ಹುಟ್ಟಿದರೆ ಹೆಚ್ಚುಕಡಿಮೆ ಒಂದು ಮಗುವಿಗೆ ಹೀಗಿರುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಸುಮಾರು ಎರಡು ಪಟ್ಟು ಹೆಚ್ಚು. ಅರ್ಧದಷ್ಟು ಮಕ್ಕಳಿಗೆ ಎರಡೂ ಪಾದಗಳು ತಿರುಚಿಕೊಂಡಿರುತ್ತವೆ.

ಲಿಟಲ್ ಅವರ ಕಾಲಿಗಾದದ್ದು ಏನು?

ವಿಲಿಯಂ ಲಿಟಲ್ ಹುಟ್ಟಿದ್ದು 1810ರ ಆಗಸ್ಟ್ 7ರಂದು, ಲಂಡನ್ನಿನ ಆಲ್ಡ್‌ಗೇಟ್ ಪ್ರದೇಶದಲ್ಲಿ. ತಂದೆ-ತಾಯಿ ಅಲ್ಲಿ ಪ್ರಯಾಣಿಕರಿಗಾಗಿ ವಸತಿಗೃಹ ನಡೆಸುತ್ತಿದ್ದರು. ಇನ್ನೂ ಪುಟ್ಟ ಮಗುವಾಗಿದ್ದಾಗಲೇ ಪೋಲಿಯೊ ಬಂತು. ಪ್ರಾಣ ಉಳಿಯಿತು, ಆದರೆ ಒಂದು ಕಾಲಿನ ಸ್ನಾಯುಗಳು ಸೊರಗಿದವು. ಬಲ ಉಳಿಸಿಕೊಂಡ ಸ್ನಾಯುಗಳು ಒಂದೇ ಕಡೆಗೆ ಎಳೆದೂ ಎಳೆದೂ ಪಾದ ಒಳಕ್ಕೆ ತಿರುಚಿಕೊಂಡಿತು, ಹಿಮ್ಮಡಿ ನೆಲ ಬಿಟ್ಟು ಮೇಲೆದ್ದಿತು.

ಇಲ್ಲೊಂದು ವಿಷಯ ಸ್ಪಷ್ಟಪಡಿಸಬೇಕು. ಲಿಟಲ್ ಅವರದ್ದು ಹುಟ್ಟಿನಿಂದ ಬಂದ ಸೊಟ್ಟ ಪಾದವಲ್ಲ, ಪೋಲಿಯೊದಿಂದ ಬಂದದ್ದು. ಭಾರತಕ್ಕೆ 2014ರಲ್ಲಿ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿದೆ, ಹಾಗಾಗಿ ಇಂದು ನಮ್ಮಲ್ಲಿ ಎಳೆಯ ಮಕ್ಕಳಲ್ಲಿ ಕಾಣುವ ಸೊಟ್ಟ ಪಾದ ಬಹುಪಾಲು ಹುಟ್ಟಿನಿಂದಲೇ ಬಂದದ್ದು. ಕಾರಣ ಬೇರೆಯಾದರೂ ಪಾದದ ಆಕಾರ ಒಂದೇ ಥರ, ಹಿಮ್ಮಡಿಯ ಹಗ್ಗ ಬಿಗಿಯಾಗಿರುವುದೂ ಒಂದೇ ಥರ. ಮುಂದೆ ಲಿಟಲ್ ಚಿಕಿತ್ಸೆ ನೀಡಿದ್ದು ಹುಟ್ಟಿನಿಂದ ಹೀಗಿದ್ದ ಮಕ್ಕಳಿಗೂ ಹೌದು.

ಆ ಕಾಲದಲ್ಲಿ ಇದಕ್ಕಿದ್ದ ಚಿಕಿತ್ಸೆ ಎಂದರೆ ಪಟ್ಟಿ ಕಟ್ಟುವುದು, ಕಬ್ಬಿಣದ ಪಟ್ಟಿಗಳಿರುವ ಬೂಟು ಹಾಕುವುದು, ಮರದ ಯಂತ್ರದಲ್ಲಿ ಪಾದವಿಟ್ಟು ತಿರುಪು ಬಿಗಿಯುವುದು. ಕವಿ ಬೈರನ್ ಕಾಲಿನಲ್ಲೂ ಹುಟ್ಟಿನಿಂದ ಊನವಿತ್ತು. 1799ರಲ್ಲಿ, 11 ವರ್ಷದ ಹುಡುಗನಾಗಿದ್ದಾಗ, ನಾಟಿಂಗ್‌ಹ್ಯಾಮ್‌ನಲ್ಲಿ ಇಂಥದೇ ಮರದ ಯಂತ್ರದ ಹಿಂಸೆ ಅನುಭವಿಸಿದರೂ ಕಾಲು ಸರಿಹೋಗಲಿಲ್ಲ. ಶ್ರೀಮಂತ ಮನೆತನದ ಹುಡುಗನ ಪಾಡೇ ಹೀಗಿದ್ದ ಮೇಲೆ ಉಳಿದವರ ಗತಿ ಏನೆಂದು ಊಹಿಸಬಹುದು.

ಲಿಟಲ್ ಸ್ವಲ್ಪ ಕಾಲ ಫ್ರಾನ್ಸ್‌ನಲ್ಲೂ ಓದಿದರು. ಹದಿಹರೆಯದಲ್ಲಿ ಔಷಧಿ ವ್ಯಾಪಾರಿಯೊಬ್ಬರ ಬಳಿ ಕೆಲಸ ಕಲಿಯಲು ಸೇರಿ, ಅಲ್ಲಿಂದ ಲಂಡನ್ ಆಸ್ಪತ್ರೆಯಲ್ಲಿ ವೈದ್ಯಕೀಯ ಕಲಿತರು. 1832ರ ಹೊತ್ತಿಗೆ ಡಾಕ್ಟರ್ ಆಗಿ ಅರ್ಹತೆ ಪಡೆದಿದ್ದರು. ಅವರ ತಲೆಯಲ್ಲಿ ಚಿಕ್ಕಂದಿನಿಂದಲೂ ಒಂದೇ ಪ್ರಶ್ನೆ ಇತ್ತು: ತನ್ನ ಪಾದವನ್ನು ನೆಟ್ಟಗೆ ಮಾಡಲು ದಾರಿ ಇದೆಯೇ?

ಕತ್ತರಿಸಲು ಹೆದರುತ್ತಿದ್ದದ್ದು ಏಕೆ?

ಹಗ್ಗ ಬಿಗಿಯಾಗಿದ್ದರೆ ಕತ್ತರಿಸಿ ಸಡಿಲಿಸಿದರಾಯಿತಲ್ಲ ಎಂದು ನಮಗೆ ಈಗ ಅನ್ನಿಸಬಹುದು. ಆಗ ಅದು ಅಷ್ಟು ಸುಲಭವಿರಲಿಲ್ಲ. ಅರಿವಳಿಕೆ ಬಂದದ್ದು 1846ರಲ್ಲಿ. ಗಾಯಕ್ಕೆ ಸೋಂಕು ತಗುಲದಂತೆ ನೋಡಿಕೊಳ್ಳುವ ವಿಧಾನವನ್ನು ಜೋಸೆಫ್ ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ. ಅದಕ್ಕೂ ಮುಂಚೆ ದೊಡ್ಡದಾಗಿ ಚರ್ಮ ಕೊಯ್ದರೆ ಕೀವಾಗುವುದು ಮಾಮೂಲು. ಕೀವಿನಿಂದ ಕಾಲು ಹೋಗಬಹುದು, ಪ್ರಾಣವೂ ಹೋಗಬಹುದು.

ಫ್ರಾನ್ಸ್‌ನ ಮೊಂಪೆಲಿಯೆಯಲ್ಲಿ ಡೆಲ್ಪೆಷ್ ಎಂಬ ಸರ್ಜನ್ 1816ರಲ್ಲಿ ಒಬ್ಬ ಹುಡುಗನ ಅಕಿಲಿಸ್ ಟೆಂಡನ್ ಕತ್ತರಿಸಿದ್ದರು. ಗಾಯದಲ್ಲಿ ಸೋಂಕಾಯಿತು. ಹುಡುಗ ಚೇತರಿಸಿಕೊಂಡರೂ ಡೆಲ್ಪೆಷ್ ಆ ಸಾಹಸವನ್ನು ಮತ್ತೆ ಮಾಡಲಿಲ್ಲ. ಕತ್ತರಿಸಿದ ಟೆಂಡನ್ ಸರಿಯಾಗಿ ಕೂಡಿಕೊಳ್ಳುವುದಿಲ್ಲ ಎಂಬ ನಂಬಿಕೆಯೂ ಬಲವಾಗಿತ್ತು.

ಆ ನಂಬಿಕೆ ಸುಳ್ಳು ಎನ್ನುವುದಕ್ಕೆ ಸಾಕ್ಷಿ ಮಾತ್ರ ಲಂಡನ್ನಿನಲ್ಲೇ ಇತ್ತು. ಹೆಸರಾಂತ ಸರ್ಜನ್ ಜಾನ್ ಹಂಟರ್ ಅವರ ಸ್ವಂತ ಅಕಿಲಿಸ್ ಟೆಂಡನ್ 1767ರಲ್ಲಿ ಕಿತ್ತುಹೋಗಿತ್ತು. ಆಪರೇಷನ್ ಇಲ್ಲದೆಯೇ ಅದು ಕೂಡಿಕೊಂಡಿತು. ಅದು ಹೇಗೆ ಕೂಡುತ್ತದೆ ಎಂದು ಅವರು ನಾಯಿಗಳ ಮೇಲೆ ಪ್ರಯೋಗ ಮಾಡಿಯೂ ನೋಡಿದ್ದರು. ಚರ್ಮ ಒಡೆಯದೆ ಒಳಗೇ ತುಂಡಾದ ಟೆಂಡನ್ ಕೀವಾಗದೆ ವಾಸಿಯಾಗುತ್ತದೆ ಎಂಬುದು ಅದರಿಂದ ಗೊತ್ತಾಗಿತ್ತು. ಹಾಗಾದರೆ ಚರ್ಮವನ್ನು ಹೆಚ್ಚು ತೆರೆಯದೆ, ಒಳಗಿನ ಟೆಂಡನ್ ಮಾತ್ರ ಕತ್ತರಿಸಲು ಸಾಧ್ಯವೇ?

ಹ್ಯಾನೋವರ್‌ಗೆ ಪ್ರಯಾಣ

ಸಾಧ್ಯ ಎಂದು ತೋರಿಸಿದವರು ಜರ್ಮನಿಯ ಹ್ಯಾನೋವರ್‌ನ ಲೂಯಿ ಸ್ಟ್ರೋಮೇಯರ್. 1831ರಲ್ಲಿ ಅವರು ಕಿರಿದಾದ ಚಾಕುವಿನ ತುದಿಯನ್ನು ಹಿಮ್ಮಡಿಯ ಪಕ್ಕದಲ್ಲಿ ಚರ್ಮದೊಳಕ್ಕೆ ತೂರಿಸಿ, ಒಳಗೊಳಗೇ ಟೆಂಡನ್ ಕತ್ತರಿಸಿ, ಅದೇ ಸಣ್ಣ ತೂತಿನಿಂದ ಚಾಕುವನ್ನು ಹೊರತೆಗೆದರು. ಹೊರಗೆ ಕಾಣುವ ಗಾಯ ಬಲು ಚಿಕ್ಕದು. ಅದು ಮುಚ್ಚಿಕೊಂಡ ಮೇಲೆ ಪಾದವನ್ನು ಹಲಗೆಯಂಥ ಸಾಧನಕ್ಕೆ ಕಟ್ಟಿ, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತಂದರು. ಕತ್ತರಿಸಿದ ಎರಡು ತುದಿಗಳ ನಡುವೆ ಹೊಸ ಅಂಗಾಂಶ ಬೆಳೆದು ಟೆಂಡನ್ ಮತ್ತೆ ಒಂದಾಯಿತು, ಈ ಸಲ ಮೊದಲಿಗಿಂತ ಉದ್ದವಾಗಿ.

ಇಂದು ಸಣ್ಣ ರಂಧ್ರದ ಮೂಲಕ ಮಾಡುವ ಸರ್ಜರಿ ಎಂದು ಜಾಹೀರಾತುಗಳಲ್ಲಿ ಓದುತ್ತೇವಲ್ಲ, ಅದರ ಹಿಂದಿನ ಯೋಚನೆ ಇದೇ: ಒಳಗೆ ಎಷ್ಟು ಬೇಕೋ ಅಷ್ಟು ಕೆಲಸ, ಹೊರಗೆ ಆದಷ್ಟು ಚಿಕ್ಕ ಗಾಯ. ರೋಗಾಣುಗಳ ವಿಷಯ ಸ್ಟ್ರೋಮೇಯರ್‌ಗೆ ಗೊತ್ತಿರಲಿಲ್ಲ. ಗಾಳಿ ಒಳಗೆ ಹೋಗದಿದ್ದರೆ ಕೀವಾಗುವುದಿಲ್ಲ ಎಂಬುದು ಆಗಿನ ತಿಳಿವಳಿಕೆ. ಕಾರಣ ತಪ್ಪಾಗಿದ್ದರೂ ವಿಧಾನ ಸರಿಯಾಗಿತ್ತು. ಗಾಯ ಚಿಕ್ಕದಾದಷ್ಟೂ ರೋಗಾಣು ಒಳಹೊಕ್ಕುವ ಅವಕಾಶ ಕಡಿಮೆ.

ಲಿಟಲ್ 1834ರ ಸುಮಾರಿಗೆ ಇಂಗ್ಲೆಂಡ್ ಬಿಟ್ಟು ಯುರೋಪಿಗೆ ಹೊರಟರು. ಬರ್ಲಿನ್‌ನಲ್ಲಿ ಅಂಗರಚನೆ ಕಲಿಯುತ್ತ ಸೊಟ್ಟ ಪಾದಗಳ ಒಳರಚನೆಯನ್ನು ಅಭ್ಯಾಸ ಮಾಡಿದರು. ಮೂಳೆಗಳೇ ಪೂರ್ತಿ ಹಾಳಾಗಿವೆಯೋ, ಅಥವಾ ಬಿಗಿದ ಸ್ನಾಯುಗಳು ಅವುಗಳನ್ನು ಜಾಗ ತಪ್ಪಿಸಿವೆಯೋ ಎಂಬುದು ಮುಖ್ಯ ಪ್ರಶ್ನೆಯಾಗಿತ್ತು. ಎರಡನೆಯದೇ ನಿಜವಾದರೆ ಪಾದವನ್ನು ಮತ್ತೆ ಜಾಗಕ್ಕೆ ತರಬಹುದು.

ಕೊನೆಗೆ 1836ರಲ್ಲಿ ಅವರು ಹ್ಯಾನೋವರ್ ತಲುಪಿದರು. ಜೂನ್ ತಿಂಗಳಲ್ಲಿ ಸ್ಟ್ರೋಮೇಯರ್ ಅವರ ಕಾಲಿನ ಆಪರೇಷನ್ ಮಾಡಿದರು. ಆಗ ಲಿಟಲ್‌ಗೆ 25 ವರ್ಷ. ಅರಿವಳಿಕೆ ಇಲ್ಲ. ಏನೇನು ತೊಂದರೆ ಆಗಬಹುದು ಎಂಬುದು ಡಾಕ್ಟರ್ ಆಗಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಸೋಂಕಾದರೆ ಕಾಲಷ್ಟೇ ಅಲ್ಲ, ಜೀವವೇ ಹೋಗಬಹುದಿತ್ತು.

ಸೋಂಕಾಗಲಿಲ್ಲ. ಗಾಯ ಮಾಯಿತು. ನಿಧಾನವಾಗಿ ಪಾದ ಹದಕ್ಕೆ ಬಂತು. ಚಿಕ್ಕಂದಿನಿಂದ ಮೇಲೆದ್ದೇ ಇದ್ದ ಹಿಮ್ಮಡಿ ಕೆಳಗಿಳಿಯಿತು. ಪೋಲಿಯೊ ಸೊರಗಿಸಿದ ಸ್ನಾಯುವಿಗೆ ಯಾವ ಚಾಕುವೂ ಬಲ ಕೊಡಲಾರದು. ಆದರೆ ಪಾದದ ಸೊಟ್ಟ ಸರಿಹೋಯಿತು, ನಡಿಗೆ ಸುಧಾರಿಸಿತು. ಅವರು ಬರ್ಲಿನ್‌ಗೆ ಮರಳಿದಾಗ ಅಲ್ಲಿನ ಪ್ರಸಿದ್ಧ ಸರ್ಜನ್ ಡೀಫೆನ್‌ಬಾಖ್ ಆ ಕಾಲನ್ನು ಕಣ್ಣಾರೆ ನೋಡಿ, ತಮ್ಮ ಅನುಮಾನ ಬಿಟ್ಟು ತಾವೂ ಈ ಆಪರೇಷನ್ ಮಾಡಲು ಶುರುಮಾಡಿದರು.

ಲಿಟಲ್ ಸ್ಟ್ರೋಮೇಯರ್ ಬಳಿ ಈ ವಿಧಾನವನ್ನು ಕಲಿತರು. ಸೊಟ್ಟ ಪಾದದ ಬಗ್ಗೆಯೇ ಪ್ರಬಂಧ ಬರೆದು 1837ರಲ್ಲಿ ಬರ್ಲಿನ್‌ನಿಂದ ಡಾಕ್ಟರೇಟ್ ಪಡೆದರು. ಮುಂದೆ ಒಬ್ಬ ಮಗನಿಗೆ ಲೂಯಿ ಸ್ಟ್ರೋಮೇಯರ್ ಲಿಟಲ್ ಎಂದು ಹೆಸರಿಟ್ಟರು. ಕಾಲು ಕೊಟ್ಟ ಡಾಕ್ಟರ್‌ನ ಹೆಸರು ಮನೆಯಲ್ಲಿ ದಿನವೂ ಕರೆಯುವಂತಾಯಿತು. ಆ ಮಗನೂ ಸರ್ಜನ್ ಆದ.

ಲಂಡನ್ನಿನಲ್ಲಿ ಸೊಟ್ಟ ಪಾದಕ್ಕೊಂದು ಆಸ್ಪತ್ರೆ

ಊರಿಗೆ ಮರಳಿದ ಲಿಟಲ್ 1837ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಈ ಆಪರೇಷನ್ ಮಾಡಿದರು. ಮರುವರ್ಷವೇ ಸೊಟ್ಟ ಪಾದ ಮತ್ತು ಅಂಥ ಊನಗಳಿಗೆಂದೇ ಒಂದು ಚಿಕಿತ್ಸಾಲಯ ಸ್ಥಾಪನೆಯಾಯಿತು. 1840ರಲ್ಲಿ ಅದು ಬ್ಲೂಮ್ಸ್‌ಬರಿ ಚೌಕದಲ್ಲಿ ಬಾಗಿಲು ತೆರೆಯಿತು. ಮುಂದೆ ರಾಜಮನ್ನಣೆ ಪಡೆದು ರಾಯಲ್ ಆರ್ಥೋಪೆಡಿಕ್ ಆಸ್ಪತ್ರೆ ಎನಿಸಿಕೊಂಡಿತು. 20ನೇ ಶತಮಾನದ ಆರಂಭದಲ್ಲಿ ಬೇರೆ ಆಸ್ಪತ್ರೆಗಳ ಜತೆ ಸೇರಿ ರಾಯಲ್ ನ್ಯಾಷನಲ್ ಆರ್ಥೋಪೆಡಿಕ್ ಆಸ್ಪತ್ರೆಯಾಗಿ, ಇಂದಿಗೂ ಕೆಲಸ ಮಾಡುತ್ತಿದೆ.

ಆರ್ಥೋಪೆಡಿಕ್ ಎಂದರೆ ಮೂಳೆ ಡಾಕ್ಟರ್ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಆ ಪದವನ್ನು 1741ರಲ್ಲಿ ಕಟ್ಟಿದವರು ಫ್ರಾನ್ಸ್‌ನ ನಿಕೊಲಾ ಆಂದ್ರಿ, ಎರಡು ಗ್ರೀಕ್ ಪದಗಳಿಂದ. ಒಂದರ ಅರ್ಥ ನೆಟ್ಟಗೆ, ಇನ್ನೊಂದರ ಅರ್ಥ ಮಗು. ಅಂದರೆ ಮಗುವನ್ನು ನೆಟ್ಟಗೆ ಬೆಳೆಸುವುದು ಎಂಬುದೇ ಆ ಪದದ ಮೂಲ.

1839ರಲ್ಲಿ ಲಿಟಲ್ ಸೊಟ್ಟ ಪಾದದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಪ್ರಕಟಿಸಿದರು. 1860ರಲ್ಲಿ, ಅದೇ ಆಸ್ಪತ್ರೆಯ ಸರ್ಜನ್ ವಿಲಿಯಂ ಆ್ಯಡಮ್ಸ್ ಕತ್ತರಿಸಿದ ಟೆಂಡನ್ ಮನುಷ್ಯರಲ್ಲಿ ಹೇಗೆ ಕೂಡಿಕೊಳ್ಳುತ್ತದೆ ಎಂಬುದರ ಬಗ್ಗೆಯೇ ಒಂದು ಪುಸ್ತಕ ಬರೆದರು. ಕತ್ತರಿಸಿದ್ದು ಕೂಡಿಕೊಳ್ಳುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕು ಒಂದೂವರೆ ಶತಮಾನವೇ ದಾಟಿದೆ.

ಒಳ್ಳೆಯ ಚಿಕಿತ್ಸೆಯೂ ಅತಿಯಾದರೆ

ಒಂದು ಕಡೆ ಕೆಲಸ ಮಾಡಿದ ಔಷಧಿ ಎಲ್ಲ ಕಾಯಿಲೆಗೂ ರಾಮಬಾಣ ಎಂಬ ಫಾರ್ವರ್ಡ್ ನೀವು ನೋಡಿರುತ್ತೀರಿ. ವಾಟ್ಸ್‌ಆ್ಯಪ್ ಇಲ್ಲದ ಕಾಲದಲ್ಲೂ ಹೀಗೇ ಆಯಿತು. ಸಣ್ಣ ತೂತಿನ ಆಪರೇಷನ್ ಯಶಸ್ವಿಯಾದ ಸುದ್ದಿ ಹರಡಿದ್ದೇ ತಡ, ಯುರೋಪಿನ ಸರ್ಜನ್‌ಗಳು ಕಂಡಕಂಡದ್ದಕ್ಕೆಲ್ಲ ಅದನ್ನು ಬಳಸತೊಡಗಿದರು. ಬೆನ್ನು ಸೊಟ್ಟಗಿದ್ದರೆ ಬೆನ್ನಿನ ಸ್ನಾಯು ಕತ್ತರಿಸಿದರು. ಲಿಟಲ್ ಅವರ ಕಾಲು ನೋಡಿ ಮನಸ್ಸು ಬದಲಿಸಿದ ಡೀಫೆನ್‌ಬಾಖ್, 1841ರಲ್ಲಿ ಉಗ್ಗು ಹೋಗಿಸಲು ನಾಲಿಗೆಯನ್ನೇ ಕೊಯ್ದರು. ಉಗ್ಗು ಹೋಗಲಿಲ್ಲ. ಆ ಆಪರೇಷನ್ನನ್ನು ಅನುಕರಿಸಿದ ಕಡೆಗಳಲ್ಲಿ ರೋಗಿಗಳು ಸತ್ತದ್ದೂ ಉಂಟು. ಬೇಗನೆ ಆ ಹುಚ್ಚು ನಿಂತಿತು.

ಬಿಗಿಯಾದ ಟೆಂಡನ್ ಸಮಸ್ಯೆಯ ಭಾಗವಾಗಿದ್ದಲ್ಲಿ ಮಾತ್ರ ಈ ಚಿಕಿತ್ಸೆಗೆ ಅರ್ಥವಿದೆ. ಅಲ್ಲೂ ಚಾಕು ಒಂದೇ ಸಾಲದು. ಆಮೇಲೆ ಪಾದವನ್ನು ಹದವಾಗಿ ಹಿಡಿದಿಡುವ ದಿನಗಳು ಅಷ್ಟೇ ಮುಖ್ಯ. ಸ್ಟ್ರೋಮೇಯರ್ ವಿಧಾನದಲ್ಲಿ ಕತ್ತರಿಸುವುದು ಕೆಲವೇ ಕ್ಷಣ, ಹಲಗೆಗೆ ಕಟ್ಟಿ ತಿದ್ದುವುದು ವಾರಗಟ್ಟಲೆ.

ಲಿಟಲ್ ಕಾಯಿಲೆ, ಕೊನೆಯ ವರ್ಷಗಳು

ಕೈಕಾಲು ಬಿಗಿಯಾಗಿದ್ದ ನೂರಾರು ಮಕ್ಕಳನ್ನು ನೋಡುತ್ತ ಹೋದಂತೆ ಲಿಟಲ್‌ಗೆ ಇನ್ನೊಂದು ವಿಷಯ ಹೊಳೆಯಿತು. ಕೆಲವು ಮಕ್ಕಳಲ್ಲಿ ತೊಂದರೆ ಪಾದದಲ್ಲಿಲ್ಲ, ಮಿದುಳಿನಲ್ಲಿದೆ. ಅವಧಿಗೆ ಮುಂಚೆ ಹುಟ್ಟಿದ, ಹೆರಿಗೆ ಕಷ್ಟವಾದ, ಹುಟ್ಟಿದ ಕೂಡಲೇ ಉಸಿರಾಡದ ಮಕ್ಕಳಲ್ಲಿ ಇದು ಹೆಚ್ಚು ಎಂದು 1861ರಲ್ಲಿ ಲಂಡನ್ನಿನ ಪ್ರಸೂತಿ ವೈದ್ಯರ ಸಂಘದ ಮುಂದೆ ಅವರು ವಿವರಿಸಿದರು. ಅದೇ ಲಿಟಲ್ ಕಾಯಿಲೆ, ಇಂದಿನ ಸೆರೆಬ್ರಲ್ ಪಾಲ್ಸಿ. ಹೆರಿಗೆಯ ತೊಂದರೆಗಿಂತ ಮುಂಚೆ, ಗರ್ಭದಲ್ಲೇ ಕಾರಣ ಇರಬಹುದು ಎಂದು ಮುಂದೆ ಸಿಗ್ಮಂಡ್ ಫ್ರಾಯ್ಡ್ ವಾದಿಸಿದರು. ಎಷ್ಟೋ ಮಕ್ಕಳ ವಿಷಯದಲ್ಲಿ ಅದೇ ಸರಿ ಎಂದು ಈಗ ಒಪ್ಪಲಾಗಿದೆ. ಆದರೆ ಊನದ ಹಿಂದೆ ಹುಡುಕಬಹುದಾದ, ಪರೀಕ್ಷಿಸಬಹುದಾದ ಕಾರಣವಿದೆ ಎಂಬ ದಾರಿ ಹಾಕಿಕೊಟ್ಟವರಲ್ಲಿ ಲಿಟಲ್ ಮೊದಲಿಗರು.

1884ರ ಹೊತ್ತಿಗೆ ಅವರು ವೃತ್ತಿಯಿಂದ ನಿವೃತ್ತರಾದರು. 1894ರ ಜುಲೈ 7ರಂದು, 83ನೇ ವಯಸ್ಸಿನಲ್ಲಿ ತೀರಿಕೊಂಡರು. ಕತ್ತರಿಸಿದ ಟೆಂಡನ್‌ನೊಂದಿಗೆ ಅವರು 58 ವರ್ಷ ಬದುಕಿದ್ದರು. ಇನ್ನೊಬ್ಬ ಮಗ ಅರ್ನೆಸ್ಟ್ ಮ್ಯೂರ್‌ಹೆಡ್ ಲಿಟಲ್ ಕೂಡ ಆರ್ಥೋಪೆಡಿಕ್ ಸರ್ಜನ್ ಆಗಿ, ಬ್ರಿಟಿಷ್ ಆರ್ಥೋಪೆಡಿಕ್ ಸಂಘದ ಮೊದಲ ಅಧ್ಯಕ್ಷರಾದರು.

ಆ ಸಣ್ಣ ಗಾಯ ಇಂದು ಎಲ್ಲಿದೆ?

ಕಾಲ ಕಳೆದಂತೆ ಒಂದು ವಿಚಿತ್ರ ನಡೆಯಿತು. ಅರಿವಳಿಕೆ ಬಂತು, ಸೋಂಕಿನ ಭಯ ಕಡಿಮೆಯಾಯಿತು, ಸರ್ಜನ್‌ಗಳು ಪಾದವನ್ನು ದೊಡ್ಡದಾಗಿ ತೆರೆದು ಒಳಗಿನದನ್ನೆಲ್ಲ ತಿದ್ದತೊಡಗಿದರು. ಮಗುವಾಗಿದ್ದಾಗ ಪಾದ ನೋಡಲು ನೆಟ್ಟಗಾಗುತ್ತಿತ್ತು. ಆದರೆ ಬೆಳೆದ ಮೇಲೆ ಎಷ್ಟೋ ಮಂದಿಗೆ ಪಾದ ಮರಗಟ್ಟಿದಂತಾಗಿ, ನೋವು ಶುರುವಾಗುತ್ತಿತ್ತು. ಅಮೆರಿಕದ ಅಯೋವಾದಲ್ಲಿದ್ದ ಸ್ಪೇನ್ ಮೂಲದ ಡಾಕ್ಟರ್ ಇಗ್ನಾಸಿಯೊ ಪೊನ್ಸೆಟಿ 1940ರ ದಶಕದಲ್ಲಿ ಇದನ್ನು ಗಮನಿಸಿ, ದೊಡ್ಡ ಸರ್ಜರಿಯ ಬದಲು ಬೇರೆ ದಾರಿ ರೂಪಿಸಿದರು. ಬಹಳ ವರ್ಷ ಹೆಚ್ಚಿನವರು ಅದನ್ನು ಕಡೆಗಣಿಸಿದರು. 1990ರ ದಶಕದ ಕೊನೆಯಲ್ಲಿ ಇಂಟರ್‌ನೆಟ್ ಬಂದಾಗ ತಂದೆ-ತಾಯಂದಿರೇ ಒಬ್ಬರಿಂದೊಬ್ಬರಿಗೆ ಸುದ್ದಿ ಮುಟ್ಟಿಸಿ ಅದನ್ನು ಜಗತ್ತಿಗೆ ಹರಡಿದರು. ಫಾರ್ವರ್ಡ್‌ನಿಂದ ಒಳ್ಳೆಯದೂ ಆಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಇಂದು ಹುಟ್ಟಿನ ಸೊಟ್ಟ ಪಾದಕ್ಕೆ ಪ್ರಪಂಚದೆಲ್ಲೆಡೆ ಮೊದಲ ಆಯ್ಕೆ ಇದೇ ಪೊನ್ಸೆಟಿ ವಿಧಾನ.

ಇದರಲ್ಲಿ ಮೂರು ಹಂತಗಳಿವೆ.

ಮೊದಲನೆಯದು ಪ್ಲಾಸ್ಟರ್. ಹುಟ್ಟಿದ ಕೆಲವು ವಾರಗಳಲ್ಲೇ ಶುರುಮಾಡಿದರೆ ಒಳ್ಳೆಯದು. ಡಾಕ್ಟರ್ ಕೈಯಿಂದ ಪಾದವನ್ನು ಮೃದುವಾಗಿ ಸ್ವಲ್ಪ ತಿದ್ದಿ, ಬೆರಳಿನಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತಾರೆ. ವಾರದ ನಂತರ ಬಿಚ್ಚಿ, ಇನ್ನಷ್ಟು ತಿದ್ದಿ, ಮತ್ತೊಂದು ಹಾಕುತ್ತಾರೆ. ಸಾಮಾನ್ಯವಾಗಿ ಐದಾರು ಪ್ಲಾಸ್ಟರ್ ಬೇಕಾಗುತ್ತವೆ.

ಎರಡನೆಯದು ನಾವು ಇಷ್ಟು ಹೊತ್ತು ಮಾತನಾಡಿದ ಆ ಸಣ್ಣ ಗಾಯ. ಪಾದದ ಉಳಿದ ತಿರುವುಗಳೆಲ್ಲ ಪ್ಲಾಸ್ಟರ್‌ನಿಂದ ಸರಿಹೋದರೂ ಹಿಮ್ಮಡಿ ಮಾತ್ರ ಮೇಲೆಯೇ ನಿಲ್ಲುತ್ತದೆ, ಏಕೆಂದರೆ ಆ ಹಗ್ಗ ಅಷ್ಟು ಗಟ್ಟಿ. ಹತ್ತರಲ್ಲಿ ಎಂಟೊಂಬತ್ತು ಮಕ್ಕಳಿಗೆ ಇದು ಬೇಕಾಗುತ್ತದೆ. ಎಳೆಯ ಮಕ್ಕಳಿಗಾದರೆ ಸಾಮಾನ್ಯವಾಗಿ ಆ ಜಾಗ ಮರಗಟ್ಟಿಸಿ ಮಾಡುತ್ತಾರೆ. ಕೆಲವೇ ನಿಮಿಷಗಳ ಕೆಲಸ, ಹೊಲಿಗೆ ಬೇಕಾಗುವುದಿಲ್ಲ. ಆಮೇಲೆ ಮೂರು ವಾರ ಕೊನೆಯ ಪ್ಲಾಸ್ಟರ್. ಅಷ್ಟರಲ್ಲಿ ಟೆಂಡನ್ ಬೇಕಾದಷ್ಟು ಉದ್ದಕ್ಕೆ ಬೆಳೆದು ಕೂಡಿಕೊಂಡಿರುತ್ತದೆ. ದೊಡ್ಡವರು ಆಟವಾಡುವಾಗ ಇದೇ ಟೆಂಡನ್ ಹರಿದುಕೊಂಡು ತಿಂಗಳುಗಟ್ಟಲೆ ಒದ್ದಾಡುವುದನ್ನು ನೋಡಿ ಅನೇಕರು ಹೆದರುತ್ತಾರೆ. ಎಳೆಯ ಮಗುವಿನ ದೇಹ ವಾಸಿಯಾಗುವ ವೇಗವೇ ಬೇರೆ.

ಮೂರನೆಯದು ಬ್ರೇಸ್. ಎರಡು ಬೂಟುಗಳನ್ನು ಒಂದು ಸರಳಿಗೆ ಜೋಡಿಸಿದ ಸಾಧನ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ಮಲಗುವಾಗ ಮಾತ್ರ, ಸುಮಾರು ನಾಲ್ಕು ವರ್ಷ ತುಂಬುವವರೆಗೆ. ಚಿಕಿತ್ಸೆ ಹೆಚ್ಚಾಗಿ ಮುರಿದುಬೀಳುವುದು ಇಲ್ಲೇ. ಪಾದ ನೆಟ್ಟಗಾಯಿತಲ್ಲ, ಪಾಪ ಮಗು, ಇನ್ನೇಕೆ ಕಟ್ಟಿಹಾಕುತ್ತೀರಿ ಎಂದು ಮನೆಯ ಹಿರಿಯರು ಮರುಗುತ್ತಾರೆ. ಬ್ರೇಸ್ ಬಿಚ್ಚಿದ ಮಕ್ಕಳಲ್ಲಿ ಪಾದ ಮತ್ತೆ ತಿರುಚಿಕೊಳ್ಳುವ ಸಾಧ್ಯತೆ ಬಹಳ ಹೆಚ್ಚು.

ಹಾಗಾದರೆ ಎಣ್ಣೆ ನೀವಿ ಸರಿಹೋದವರು?

ಸರಿಹೋದವರು ಇದ್ದಾರೆ, ಅದು ಸುಳ್ಳಲ್ಲ. ಗರ್ಭದಲ್ಲಿ ಮಡಿಸಿಕೊಂಡು ಕುಳಿತ ಕಾರಣಕ್ಕೆ ಕೆಲವು ಮಕ್ಕಳ ಪಾದ ಹುಟ್ಟುವಾಗ ಒಳಕ್ಕೆ ತಿರುಗಿರುತ್ತದೆ. ಅದು ಮೃದುವಾಗಿರುತ್ತದೆ, ಬೆರಳಿನಿಂದ ಒತ್ತಿದರೆ ನೇರವಾಗುತ್ತದೆ. ಅಂಥ ಪಾದ ಎಣ್ಣೆ ಹಚ್ಚಿದರೂ ಸರಿಹೋಗುತ್ತದೆ, ಹಚ್ಚದಿದ್ದರೂ ಸರಿಹೋಗುತ್ತದೆ. ನಿಜವಾದ ಕ್ಲಬ್‌ಫೂಟ್ ಬಿಗಿಯಾಗಿರುತ್ತದೆ, ಕೈಯಿಂದ ಪೂರ್ತಿ ನೇರವಾಗುವುದಿಲ್ಲ. ಎರಡನ್ನೂ ಮನೆಯಲ್ಲಿ ಬೇರ್ಪಡಿಸಲು ಹೋಗಬೇಡಿ, ಡಾಕ್ಟರ್ ನೋಡಲಿ. ನೀವುತ್ತ ಕಾಯುವ ಪ್ರತಿ ತಿಂಗಳೂ ಪಾದ ಹೆಚ್ಚು ಗಟ್ಟಿಯಾಗುತ್ತದೆ. ನಾಟಿ ಕಟ್ಟು ಹಾಕಿಸಿ ಬಲವಂತವಾಗಿ ತಿರುಗಿಸಿದರೆ ಎಳೆಯ ಮೂಳೆಗೆ ಪೆಟ್ಟಾಗಬಹುದು.

ಗ್ರಹಣದ ದಿನ ಬಸುರಿ ಹೊರಗೆ ಬಂದದ್ದಕ್ಕೆ ಹೀಗಾಯಿತು ಎಂಬುದಕ್ಕೂ ಆಧಾರವಿಲ್ಲ. ಅನುವಂಶೀಯತೆಯ ಪಾತ್ರ ಇದೆ, ಗರ್ಭಿಣಿ ಧೂಮಪಾನ ಮಾಡಿದರೆ ಸಂಭವ ಹೆಚ್ಚು ಎಂದು ಕಂಡುಬಂದಿದೆ. ಚಂದ್ರನ ನೆರಳಿಗೂ ಪಾದಕ್ಕೂ ಸಂಬಂಧವಿಲ್ಲ. ಬಾಣಂತಿಯನ್ನು ದೂರುವುದರಿಂದ ಆಗುವುದು ಒಂದೇ, ಅವಳು ಮಗುವಿನ ಪಾದವನ್ನು ಬಟ್ಟೆಯಲ್ಲಿ ಮುಚ್ಚಿಡುತ್ತಾಳೆ, ಚಿಕಿತ್ಸೆ ತಡವಾಗುತ್ತದೆ.

ನಿಜವಾದ ಕಷ್ಟ ಎಲ್ಲಿದೆ?

ನಾವಿರುವ ಸೋಲದೇವನಹಳ್ಳಿಯಂಥ, ಬೆಂಗಳೂರಿನ ಉತ್ತರದ ಅಂಚಿನ ಊರಿನಿಂದ ಕೂಸನ್ನೆತ್ತಿಕೊಂಡು ವಾರ ವಾರ ಊರೊಳಗಿನ ಆಸ್ಪತ್ರೆಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದ ಹಾಗೆ. ಆರೇಳು ವಾರ ಹೀಗೆ. ಮಧ್ಯದಲ್ಲಿ ಬಿಟ್ಟುಬಿಡಲು ಒಂದು ನೆಪ ಸಾಕು. ನರ ಕತ್ತರಿಸುತ್ತಾರೆ ಎಂಬ ಫಾರ್ವರ್ಡ್ ಆ ನೆಪವಾಗುತ್ತದೆ. ಅದಕ್ಕೇ ಇಂಥ ಸಂದೇಶ ಅಪಾಯಕಾರಿ.

ಖರ್ಚಿನ ಚಿಂತೆ ಇದ್ದವರು ಒಂದು ವಿಷಯ ತಿಳಿದಿರಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕ್ಲಬ್‌ಫೂಟ್ ಕೂಡ ಇದೆ. ಆ ಕಾರ್ಯಕ್ರಮದಡಿ ಗುರುತಿಸಿದ ಮಕ್ಕಳಿಗೆ ಚಿಕಿತ್ಸೆ ಉಚಿತ. ನಿಮ್ಮ ಆಶಾ ಕಾರ್ಯಕರ್ತೆ, ಅಂಗನವಾಡಿ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿದರೆ ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ.

ಪ್ಲಾಸ್ಟರ್ ಹಾಕಿಸಿದ ಮೇಲೆ ಬೆರಳುಗಳನ್ನು ಆಗಾಗ ನೋಡುತ್ತಿರಿ. ನೀಲಿಯಾದರೆ, ಬಿಳಿಚಿಕೊಂಡರೆ, ಊದಿಕೊಂಡರೆ, ಬೆರಳು ಪ್ಲಾಸ್ಟರ್ ಒಳಗೆ ಜಾರಿದರೆ, ಮಗು ಸಮಾಧಾನವಾಗದೆ ಅಳುತ್ತಿದ್ದರೆ ಮುಂದಿನ ವಾರದವರೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ. ಪ್ಲಾಸ್ಟರ್ ಒದ್ದೆಯಾಗದಂತೆ ನೋಡಿಕೊಳ್ಳಿ.

ನಮ್ಮ ತೀರ್ಮಾನ

ಹಿಮ್ಮಡಿಯ ನರ ಕತ್ತರಿಸುತ್ತಾರೆ, ಮಗು ನಡೆಯುವುದಿಲ್ಲ ಎಂಬ ಮಾತು ಸುಳ್ಳು. ಕತ್ತರಿಸುವುದು ನರವನ್ನಲ್ಲ, ಟೆಂಡನ್ನನ್ನು. ಅದು ಎಳೆಯ ಮಗುವಿನಲ್ಲಿ ಮೂರು ವಾರಗಳಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಅದನ್ನು ಬಿಡಿಸುವುದು ಹಿಮ್ಮಡಿ ನೆಲ ಮುಟ್ಟಿ ಮಗು ನಡೆಯಲಿ ಎಂದೇ. ಅರಿವಳಿಕೆ ಇಲ್ಲದ, ರೋಗಾಣುಗಳ ಅರಿವಿಲ್ಲದ ಕಾಲದಲ್ಲಿ ಒಬ್ಬ ಡಾಕ್ಟರ್ ತಮ್ಮ ಕಾಲಿನ ಮೇಲೇ ಇದನ್ನು ಮಾಡಿಸಿಕೊಂಡು, ನಡೆದು, ನೂರಾರು ಮಕ್ಕಳನ್ನು ನಡೆಸಿದರು. ಇಂದು ಮರಗಟ್ಟಿಸುವ ಔಷಧಿಯಿದೆ, ಶುಚಿಯಾದ ಉಪಕರಣಗಳಿವೆ, ಅನುಭವಿ ಕೈಗಳಿವೆ.

ಆ ಹಳೆಯ ಫಾರ್ವರ್ಡ್ ನಿಮ್ಮ ಗುಂಪಿಗೆ ಮತ್ತೆ ಬಂದರೆ, ಅದರ ಕೆಳಗೆ ಇದನ್ನು ಹಾಕಿ. ಅದನ್ನು ಓದುತ್ತಿರುವವರಲ್ಲಿ ಮೂರನೆಯ ಪ್ಲಾಸ್ಟರ್ ಮುಗಿಸಿ ನಾಲ್ಕನೆಯದಕ್ಕೆ ಹೋಗಲೋ ಬೇಡವೋ ಎಂದು ಯೋಚಿಸುತ್ತಿರುವ ತಾಯಿಯೊಬ್ಬಳು ಇರಬಹುದು.